ವೇಳಾಪಟ್ಟಿಯೊಳಗೆ ಹುಟ್ಟುವ ಪದವಿ

ಎಚ್‌ಇಪಿ, ಎಚ್‌ಇಕೆ, ಪಿಸಿಎಂ, ಸಿಬಿಝಡ್. ಕರ್ನಾಟಕದಲ್ಲಿ ಡಿಗ್ರಿ ಓದಿದವರಿಗೆ ಈ ಅಕ್ಷರಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ ಹೆಸರು ಕೇಳಿದ ಮೇಲೆ ಬರುವ ಎರಡನೆಯ ಪ್ರಶ್ನೆಯೇ ‘ನಿಮ್ಮ ಕಾಂಬಿನೇಷನ್ ಯಾವುದು?’ ಎಂಬುದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಮೂರು ವರ್ಷ ಓದಿ ಹೊರಬಂದ ಪದವೀಧರರು ಪ್ರತಿ ಊರಿನಲ್ಲೂ ಇದ್ದಾರೆ. ಅಂತರಶಿಸ್ತೀಯ ಪದವಿ ಎಂದು ಈಚೆಗೆ ಯಾವುದನ್ನು ಹೊಸದೆಂಬಂತೆ ಹೇಳುತ್ತಿದ್ದೇವೋ, ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಬಿ.ಎ. ತರಗತಿಗಳಲ್ಲಿ ಬಹುಕಾಲದಿಂದ ಇದೆ. ಆ ವಿಷಯಗಳು ಒಂದನ್ನೊಂದು ಭೇಟಿಯಾಗುವ ಜಾಗ ಮಾತ್ರ ಇಲ್ಲ.

ಭೂಮಿಯ ಪಾಠವನ್ನೇ ನೋಡಿ. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಇತಿಹಾಸದ ಮೇಷ್ಟ್ರು ಥಾಮಸ್ ಮನ್ರೋ 1800ರಿಂದ ಏಳು ವರ್ಷ ಬಳ್ಳಾರಿ ಸೀಮೆಯೂ ಸೇರಿದ್ದ ದತ್ತ ಮಂಡಲದಲ್ಲಿ ಕಲೆಕ್ಟರ್ ಆಗಿದ್ದು ರೈತವಾರಿ ಪದ್ಧತಿಯನ್ನು ಹೇಗೆ ಬೆಳೆಸಿದ ಎಂದು ಹೇಳುತ್ತಾರೆ. ಎರಡನೆಯ ಪೀರಿಯಡ್ಡಿನಲ್ಲಿ ಅರ್ಥಶಾಸ್ತ್ರದವರು ಹಿಡುವಳಿಯ ಗಾತ್ರ, ಗೇಣಿ, ಇಳುವರಿ ಎಂದು ಬೋರ್ಡಿನ ಮೇಲೆ ಪಟ್ಟಿ ಬರೆಯುತ್ತಾರೆ. ಮಧ್ಯಾಹ್ನ ರಾಜ್ಯಶಾಸ್ತ್ರದವರು ದೇವರಾಜ ಅರಸು, 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ‘ಉಳುವವನೇ ಹೊಲದೊಡೆಯ’ ಎಂದು ಪಾಠ ಮಾಡುತ್ತಾರೆ. ಮೂವರೂ ಹೇಳುತ್ತಿರುವುದು ಒಂದೇ ಹೊಲದ ಕತೆ. ಆದರೆ ಅದು ಒಂದೇ ಹೊಲ ಎಂದು ಹುಡುಗರಿಗೆ ಯಾರೂ ಹೇಳುವುದಿಲ್ಲ. ಅದನ್ನು ಹೇಳುವುದು ಯಾರ ಕೆಲಸವೂ ಅಲ್ಲ, ಯಾರ ಸಿಲಬಸ್ಸಿನಲ್ಲೂ ಇಲ್ಲ, ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಮೂರು ವಿಷಯಗಳು ಒಂದೇ ಬಸ್ಸಿನ ಮೂರು ಜನರ ಸೀಟಿನಲ್ಲಿ ಕುಳಿತ ಅಪರಿಚಿತರಂತೆ ಮೂರು ವರ್ಷ ಪ್ರಯಾಣ ಮಾಡಿ, ಒಬ್ಬರ ಊರು ಇನ್ನೊಬ್ಬರಿಗೆ ತಿಳಿಯದೆ ಇಳಿದುಹೋಗುತ್ತವೆ.

ಅಂತರಶಿಸ್ತೀಯ ಪದವಿಯನ್ನು ಕಟ್ಟಲು ಹೊರಡುವ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ವಿಷಯಗಳ ಪಟ್ಟಿ ತಯಾರಿಸುವುದು. ಸಮಿತಿ ಕೂರುತ್ತದೆ, ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ವಿಷಯಕ್ಕೆ ಒಂದೆರಡು ಪತ್ರಿಕೆ ಕೇಳುತ್ತಾರೆ, ಕ್ರೆಡಿಟ್ಟುಗಳನ್ನು ಹಂಚಲಾಗುತ್ತದೆ, ಹೆಸರಿಡಲಾಗುತ್ತದೆ. ಕೆಲಸ ತಲೆಕೆಳಗಾಗುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಪಟ್ಟಿ ಎಷ್ಟೇ ಅಂದವಾಗಿರಲಿ, ಇಬ್ಬರು ಅಧ್ಯಾಪಕರು ಒಂದೇ ತರಗತಿಯಲ್ಲಿ ಒಂದೇ ಹೊತ್ತಿನಲ್ಲಿ ನಿಲ್ಲಲು ವೇಳಾಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ, ಹಾಗೆ ನಿಂತದ್ದು ಇಬ್ಬರ ವರ್ಕ್‌ಲೋಡಿಗೂ ಪೂರ್ತಿ ಸೇರದಿದ್ದರೆ, ಆ ಪದವಿ ಕಾಗದದ ಮೇಲಷ್ಟೇ ಅಂತರಶಿಸ್ತೀಯ.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯ 1961ರಲ್ಲಿ ಶುರುವಾದಾಗ ಈ ತೊಡಕನ್ನು ಬುಡದಲ್ಲೇ ಕಂಡುಕೊಂಡಿತ್ತು. ಇತಿಹಾಸಕಾರ ಏಸಾ ಬ್ರಿಗ್ಸ್ ಮತ್ತು ಜೊತೆಯವರು ವಿಭಾಗಗಳನ್ನು ಸ್ಥಾಪಿಸುವ ಬದಲು ‘ಸ್ಕೂಲ್’ಗಳನ್ನು ಕಟ್ಟಿದರು: ಯುರೋಪಿಯನ್ ಅಧ್ಯಯನ, ಸಮಾಜ ಅಧ್ಯಯನ, ಆಫ್ರಿಕಾ ಮತ್ತು ಏಷ್ಯಾ ಅಧ್ಯಯನ ಹೀಗೆ. ಇತಿಹಾಸ ಓದಬೇಕೆಂದು ಬಂದ ವಿದ್ಯಾರ್ಥಿ ಇತಿಹಾಸವನ್ನೇ ಮುಖ್ಯವಾಗಿ ಓದುತ್ತಿದ್ದ. ಆದರೆ ಯಾವ ಸ್ಕೂಲಿಗೆ ಸೇರಿದ್ದಾನೆ ಎಂಬುದರ ಮೇಲೆ ಅವನ ಇತಿಹಾಸದ ಅಕ್ಕಪಕ್ಕದ ಪತ್ರಿಕೆಗಳು ಬದಲಾಗುತ್ತಿದ್ದವು. ಬೇರು ಒಂದೇ ವಿಷಯದಲ್ಲಿ, ಸುತ್ತಲಿನ ಮಣ್ಣು ಹಂಚಿಕೊಂಡದ್ದು. ಅಧ್ಯಾಪಕರ ಕೋಣೆಗಳೂ ಸ್ಕೂಲಿನ ಪ್ರಕಾರವೇ ಇದ್ದುದರಿಂದ ಅರ್ಥಶಾಸ್ತ್ರಜ್ಞನ ಪಕ್ಕದ ಬಾಗಿಲು ಸಾಹಿತ್ಯದವರದ್ದೂ ಆಗಬಹುದಿತ್ತು. ಆ ವ್ಯವಸ್ಥೆ ನಾಲ್ಕು ದಶಕ ಬಾಳಿ, 2000ರ ದಶಕದ ಮೊದಲ ವರ್ಷಗಳಲ್ಲಿ ಕರಗಿತು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ 1986ರಿಂದ ಸಂಶೋಧನೆಯನ್ನು ವಿಷಯವಾರು ಅಳೆದು ಹಣ ಹಂಚುವ ಪದ್ಧತಿ ಬೇರೂರಿತ್ತು. ನಡುವೆ ನಿಂತು ಕೆಲಸ ಮಾಡುವವರಿಗೆ ಅಂಥ ಅಳತೆಪಟ್ಟಿ ಅನುಕೂಲದ್ದಲ್ಲ. ಬೋಧನೆಯ ವಿನ್ಯಾಸವನ್ನು ಹಣದ ಲೆಕ್ಕ ಒಳಗಿನಿಂದ ಹೇಗೆ ಬದಲಿಸಬಲ್ಲದು ಎಂಬುದನ್ನು ತಿಳಿಯಲು ಸಸೆಕ್ಸಿನ ಕತೆಯನ್ನು ಓದಬೇಕು.

ನಮ್ಮ ದೇಶದಲ್ಲಿ ಇದಕ್ಕೆ ತೀರಾ ಬೇರೆಯದೊಂದು ದಾರಿ ಹಿಡಿದದ್ದು ದೆಹಲಿ ವಿಶ್ವವಿದ್ಯಾಲಯ. 2012ರ ಡಿಸೆಂಬರಿನಲ್ಲಿ ವಿದ್ಯಾವಿಷಯಕ ಪರಿಷತ್ತು ಒಪ್ಪಿದ ನಾಲ್ಕು ವರ್ಷದ ಪದವಿ 2013ರ ಜುಲೈ ಹೊತ್ತಿಗೆ ತರಗತಿಗೆ ಬಂತು. ಎಲ್ಲರಿಗೂ ಕಡ್ಡಾಯವಾದ 11 ಫೌಂಡೇಷನ್ ಪತ್ರಿಕೆಗಳು ಅದರಲ್ಲಿದ್ದವು. ಗಣಿತ ಆನರ್ಸ್‌ಗೆ ಸೇರಿದವಳೂ ಗಣಿತದ ಪ್ರಾಥಮಿಕ ತಿಳಿವಳಿಕೆಯ ಪತ್ರಿಕೆಯನ್ನು ಬರೆಯಬೇಕಾಯಿತು. ಆರೇಳು ತಿಂಗಳಲ್ಲಿ ಅಷ್ಟು ದೊಡ್ಡ ವಿಶ್ವವಿದ್ಯಾಲಯದ ಕಾಲೇಜುಗಳಿಗೆಲ್ಲ ಪಠ್ಯ ಬರೆದು, ಪಾಠ ಮಾಡುವವರನ್ನು ಅಣಿಗೊಳಿಸುವುದು ಆಗುವ ಮಾತಾಗಿರಲಿಲ್ಲ. ಅಧ್ಯಾಪಕರು ಬೀದಿಗಿಳಿದರು. 2014ರ ಜೂನ್‌ನಲ್ಲಿ ಯುಜಿಸಿಯ ಒತ್ತಾಯಕ್ಕೆ ಮಣಿದು ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟಿತು. ಒಂದೇ ಒಂದು ತಂಡ ಮೊದಲ ವರ್ಷ ಮುಗಿಸಿ ನಡುದಾರಿಯಲ್ಲಿ ನಿಂತಿತು. ಆ ಹನ್ನೊಂದು ಪತ್ರಿಕೆಗಳಲ್ಲಿ ಕೆಲವು ಒಳ್ಳೆಯವೇ ಇದ್ದವು. ಆದರೆ ಅವು ವಿಷಯಗಳನ್ನು ಜೋಡಿಸಲಿಲ್ಲ, ಇದ್ದ ವಿಷಯಗಳ ಮೇಲೆ ಮತ್ತೊಂದಷ್ಟನ್ನು ಹೇರಿದವು.

ಕರ್ನಾಟಕದ ಅನುಭವ ಇನ್ನೂ ಹಸಿಯಾಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು, 2021–22ರಲ್ಲಿ. ಮೂರು ಐಚ್ಛಿಕ ವಿಷಯಗಳು ಎರಡಕ್ಕೆ ಇಳಿದವು. ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಓಪನ್ ಎಲೆಕ್ಟಿವ್ ಬಂತು: ವಿಜ್ಞಾನದ ಹುಡುಗ ಕಲಾ ವಿಭಾಗದ ಒಂದು ಪತ್ರಿಕೆ, ವಾಣಿಜ್ಯದ ಹುಡುಗಿ ವಿಜ್ಞಾನದ ಒಂದು ಪತ್ರಿಕೆ ಓದಬಹುದು. ಕಲ್ಪನೆ ಚೆನ್ನಾಗಿತ್ತು, ನಾನು ಅದರ ಪರವಾಗಿಯೇ ಇದ್ದೆ. ಕಾಲೇಜಿನ ಮಟ್ಟಕ್ಕೆ ಬಂದಾಗ ಆದದ್ದೇನು? ಯಾವ ಓಪನ್ ಎಲೆಕ್ಟಿವ್ ಕೊಡಬೇಕೆಂಬುದನ್ನು ವಿದ್ಯಾರ್ಥಿಯ ಕುತೂಹಲಕ್ಕಿಂತ ಹೆಚ್ಚಾಗಿ ಯಾವ ವಿಭಾಗಕ್ಕೆ ವರ್ಕ್‌ಲೋಡ್ ಕಡಿಮೆ ಬಿದ್ದಿದೆ ಎಂಬುದು ತೀರ್ಮಾನಿಸಿತು. ಮೂರನೆಯ ಐಚ್ಛಿಕ ವಿಷಯ ಹೋದದ್ದರಿಂದ ಗಂಟೆ ಕಳೆದುಕೊಂಡ ವಿಭಾಗಗಳು ಹುದ್ದೆ ಉಳಿಸಿಕೊಳ್ಳಲು ಓಪನ್ ಎಲೆಕ್ಟಿವ್‌ಗಳಿಗೆ ಕೈಚಾಚಿದವು. ಅವರನ್ನು ದೂರಲಾರೆ, ಗಂಟೆ ಹೋದರೆ ಹುದ್ದೆ ಹೋಗುತ್ತದೆ ಎಂಬ ವ್ಯವಸ್ಥೆಯಲ್ಲಿ ಬೇರೇನು ಮಾಡಿಯಾರು? 2024ರ ಮೇ ತಿಂಗಳ ಸರ್ಕಾರಿ ಆದೇಶದಿಂದ ಮೂರು ವರ್ಷದ ಪದವಿ, ಮೂರು ವಿಷಯಗಳ ಪದ್ಧತಿ ಮರಳಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಾಜ್ಯದ ಶಿಕ್ಷಣ ನೀತಿಯ ವರದಿಯನ್ನೂ ಕೊಟ್ಟಿದೆ. ಎಚ್‌ಇಪಿ ಮತ್ತೆ ಎಚ್‌ಇಪಿಯೇ ಆಗಿದೆ. ಒಂದೇ ಹೊಲದ ಮೂರು ಪಾಠಗಳು ಮತ್ತೆ ಮೂರು ಕೋಣೆಗಳಿಗೆ ಹೋಗಿವೆ.

ಹಾಗಾದರೆ ಇದು ನಮ್ಮ ನೆಲದಲ್ಲಿ ಆಗುವ ಕೆಲಸವೇ ಅಲ್ಲವೇ? ಆಗಿದೆ. ಬೆಂಗಳೂರಿನಲ್ಲೇ ಆಗಿದೆ. ಅದನ್ನು ನಾವು ವಕೀಲರ ಲೆಕ್ಕಕ್ಕೆ ಹಾಕಿ ಮರೆತಿದ್ದೇವೆ.

1980ರ ದಶಕದವರೆಗೆ ಕಾನೂನು ಓದುವುದೆಂದರೆ ಬಹುಮಟ್ಟಿಗೆ ಪದವಿಯ ನಂತರದ ಮೂರು ವರ್ಷ, ಅದೂ ಎಷ್ಟೋ ಕಡೆ ನೌಕರಿ ಮುಗಿಸಿಕೊಂಡು ಸಂಜೆ ಹೋಗುವ ತರಗತಿ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಸಂಯೋಜಿತ ಕಾನೂನು ಶಿಕ್ಷಣ ಎಂಬ ನಿಯಮವನ್ನು ಭಾರತೀಯ ವಕೀಲರ ಪರಿಷತ್ತು 1982ರಲ್ಲಿ ತಂದಿತ್ತು. ಅದನ್ನು ನಿಜವಾಗಿ ಮಾಡಿ ತೋರಿಸಲು ಒಂದು ಸಂಸ್ಥೆ ಬೇಕಾಗಿತ್ತು. ಕರ್ನಾಟಕ 1986ರಲ್ಲಿ ಕಾಯ್ದೆ ಮಾಡಿ ನ್ಯಾಷನಲ್ ಲಾ ಸ್ಕೂಲ್ ಸ್ಥಾಪಿಸಿತು. ದೆಹಲಿಯಲ್ಲಿ ಕಾನೂನು ಅಧ್ಯಾಪಕರಾಗಿದ್ದ ಎನ್. ಆರ್. ಮಾಧವ ಮೆನನ್ ಸ್ಥಾಪಕ ನಿರ್ದೇಶಕರಾದರು. 1988ರಲ್ಲಿ ಮೊದಲ ತಂಡದ ತರಗತಿಗಳು ನಡೆದದ್ದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ; ನಾಗರಬಾವಿಯ ಕ್ಯಾಂಪಸ್ಸು ಆಮೇಲೆ ಬಂತು.

ಅಲ್ಲಿ ಕೊಟ್ಟದ್ದು ಬಿ.ಎ. ಎಲ್‌ಎಲ್.ಬಿ. ಎರಡು ಪದವಿಗಳನ್ನು ಒಂದರ ಮೇಲೊಂದು ಇಟ್ಟು ಮೊದಲು ಬಿ.ಎ., ಆಮೇಲೆ ಎಲ್‌ಎಲ್.ಬಿ. ಎನ್ನಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲ ವರ್ಷದಿಂದಲೇ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕಾನೂನಿನ ಪತ್ರಿಕೆಗಳ ಜೊತೆಜೊತೆಗೇ ಬಂದವು. ವರ್ಷಕ್ಕೆ ಮೂರು ಅವಧಿ, ಐದು ವರ್ಷಕ್ಕೆ 15. ಪ್ರತಿ ಪತ್ರಿಕೆಗೂ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕೂತು ಒಂದು ಪ್ರಾಜೆಕ್ಟ್ ಬರೆಯಬೇಕು, ಅದನ್ನು ಅಧ್ಯಾಪಕರ ಮುಂದೆ ಸಮರ್ಥಿಸಬೇಕು. ಒಂದೇ ತರಗತಿಯನ್ನು ಒಬ್ಬರಿಗಿಂತ ಹೆಚ್ಚು ಅಧ್ಯಾಪಕರು ಸೇರಿ ನಡೆಸುವ ಪ್ರಯೋಗವನ್ನೂ ಮೆನನ್ ಮಾಡಿದರು.

ಇದರ ಬೆಲೆ ಏನೆಂದು ಒಂದು ಉದಾಹರಣೆಯಿಂದ ನೋಡೋಣ. ದಕ್ಷಿಣ ಕನ್ನಡದ ಒಂದು ಕುಟುಂಬದ ಆಸ್ತಿ ವ್ಯಾಜ್ಯ ಎಂದಿಟ್ಟುಕೊಳ್ಳಿ. ಮದ್ರಾಸು ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಬಾಯಿಪಾಠ ಮಾಡಿದ ವಕೀಲನಿಗೂ ಕವರು ಎಂದರೇನು, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಮನೆಯಲ್ಲಿ ಸೋದರಮಾವನ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದು ತಿಳಿಯದಿದ್ದರೆ ಕಾಯ್ದೆಯ ಅರ್ಧ ವಾಕ್ಯಗಳು ಕುರುಡು. ಆ ತಿಳಿವಳಿಕೆ ಸಮಾಜಶಾಸ್ತ್ರದ ಬಂಧುತ್ವದ ಪಾಠದಲ್ಲಿದೆ. ಕೃಷಿ ಭೂಮಿಯ ಒಡೆತನ ಬದಲಾದಾಗ ಆ ಮನೆಗಳಿಗೆ ಏನಾಯಿತೆಂಬುದು ಇತಿಹಾಸದಲ್ಲಿ, ಅರ್ಥಶಾಸ್ತ್ರದಲ್ಲಿ ಇದೆ. ಇವು ಕಾನೂನಿಗೆ ಅಲಂಕಾರಗಳಲ್ಲ, ಅವಿಲ್ಲದೆ ಕಾನೂನು ಅರ್ಥವಾಗುವುದಿಲ್ಲ. ಪದವಿಯ ಹೆಸರಿನಲ್ಲಿ ಎರಡು ಭಾಗ ಇದ್ದರೂ ಓದಿನಲ್ಲಿ ಒಂದೇ ಆಗುವುದು ಹೀಗೆ.

ಆ ಪ್ರಯೋಗ ಹೇಗೆ ನೆಲೆಯೂರಿತು ಎಂದು ಕೇಳಿದರೆ ಸಾಮಾನ್ಯವಾಗಿ ಮೆನನ್ ಅವರ ವ್ಯಕ್ತಿತ್ವದ ಮಾತು ಬರುತ್ತದೆ. ಅದು ನಿಜವೇ. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮೂರು ನೀರಸ ಸಂಗತಿಗಳು. ಸಮಾಜ ವಿಜ್ಞಾನದ ಅಧ್ಯಾಪಕರು ಬೇರೆ ವಿಭಾಗದಿಂದ ಗಂಟೆ ಲೆಕ್ಕಕ್ಕೆ ಬಂದುಹೋಗುವವರಾಗಿರದೆ ಅದೇ ಸಂಸ್ಥೆಯ ಅಧ್ಯಾಪಕರಾಗಿದ್ದರು. ಪಠ್ಯ, ಬೋಧನೆ, ಪರೀಕ್ಷೆ ಮೂರೂ ಒಂದೇ ಆವರಣದೊಳಗೆ ತೀರ್ಮಾನವಾಗುತ್ತಿದ್ದವು. ಪದವಿಗೆ ಮಾನ್ಯತೆ ಮೊದಲೇ ಸಿದ್ಧವಿತ್ತು. ಓದಿ ಬಂದವರು ಸನ್ನದು ಪಡೆಯಲು ಯಾರ ಬಾಗಿಲನ್ನೂ ಕಾಯಬೇಕಿರಲಿಲ್ಲ. ಇಂದು ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳಲ್ಲೂ ಐದು ವರ್ಷದ ಪದವಿ ಇದೆ. ಹೆಸರು ಎಲ್ಲ ಕಡೆಯೂ ಒಂದೇ. ಆದರೆ ಸಮಾಜ ವಿಜ್ಞಾನವನ್ನು ಹೊರಗಿನವರೊಬ್ಬರು ವಾರಕ್ಕೆ ಕೆಲವು ಗಂಟೆ ಬಂದು ನೋಟ್ಸ್ ಬರೆಸಿ ಹೋಗುವ ಕಡೆಯಲ್ಲಿ ಅದು ಮತ್ತೆ ಎರಡು ಪಟ್ಟಿಗಳೇ ಆಗುತ್ತದೆ. ದೊಡ್ಡ ಲಾ ಫರ್ಮುಗಳ ಕ್ಯಾಂಪಸ್ ಆಯ್ಕೆ ಬಿರುಸಾದ ಮೇಲೆ ಒಳ್ಳೆಯ ಸಂಸ್ಥೆಗಳಲ್ಲೂ ಮೊದಲೆರಡು ವರ್ಷದ ಸಮಾಜಶಾಸ್ತ್ರವನ್ನು ದಾಟಬೇಕಾದ ಹಳ್ಳದಂತೆ ನೋಡುವ ವಿದ್ಯಾರ್ಥಿಗಳು ಇದ್ದಾರೆ. ಒಮ್ಮೆ ಹಾಕಿದ ಬೆಸುಗೆ ತಾನಾಗಿ ಉಳಿಯುವುದಿಲ್ಲ. ಪ್ರತಿ ತಲೆಮಾರಿನ ಅಧ್ಯಾಪಕರೂ ಅದನ್ನು ಮತ್ತೆ ಹಾಕಬೇಕು.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಕಾಲೇಜು, ಈಗಿನ ಆರ್‌ಐಇ, 1963ರಲ್ಲಿ ಹುಟ್ಟಿದ್ದು. ಅಲ್ಲಿನ ನಾಲ್ಕು ವರ್ಷದ ಬಿ.ಎಸ್ಸಿ. ಬಿ.ಎಡ್. ಓದುವವರು ಭೌತಶಾಸ್ತ್ರವನ್ನೂ, ಅದನ್ನು ಹದಿಮೂರರ ಹುಡುಗ ಹೇಗೆ ಅರ್ಥಮಾಡಿಕೊಳ್ಳುತ್ತಾನೆ ಎಂಬುದನ್ನೂ ಒಟ್ಟಿಗೆ ಕಲಿಯುತ್ತಾರೆ. ಆವರಣದಲ್ಲೇ ಡೆಮಾನ್‌ಸ್ಟ್ರೇಷನ್ ಶಾಲೆ ಇದೆ. ಬಲ, ವೇಗ, ಉಷ್ಣದ ಬಗ್ಗೆ ಮಗು ಕೇಳುವ ಒಂದು ಪ್ರಶ್ನೆಗೆ ಉತ್ತರ ಕೊಡಲು ಹೊರಟಾಗ ಭೌತಶಾಸ್ತ್ರ, ಮನಶ್ಶಾಸ್ತ್ರ, ಭಾಷೆ ಮೂರೂ ಒಂದೇ ಕ್ಷಣದಲ್ಲಿ ಬೇಕಾಗುತ್ತವೆ. ವಿಷಯಗಳು ಭೇಟಿಯಾಗುವ ಜಾಗಕ್ಕೆ ಅಲ್ಲಿ ಗೋಡೆ, ಕರಿಹಲಗೆ, ಬೆಂಚು ಎಲ್ಲವೂ ಇವೆ.

ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುಮಾಡಿದಾಗ ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಎಲ್ಲರಿಗೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳನ್ನು ಇಟ್ಟಿತು, ಜೊತೆಗೆ ಎಂಜಿನಿಯರಿಂಗನ್ನೂ ಮಾನವಿಕಗಳನ್ನೂ ಸೇರಿಸಿತು. ಕೊನೆಯ ವರ್ಷ ಸಂಶೋಧನೆಗೆ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಬಂದವರೂ ಅಲ್ಲಿ ಜೀವಕೋಶದ ಪಾಠ ಕೇಳಬೇಕು. ಒಳ್ಳೆಯ ಪದವಿ. ಆದರೆ ಅದಕ್ಕಿರುವ ಪ್ರಯೋಗಾಲಯಗಳನ್ನೂ ಅಧ್ಯಾಪಕರನ್ನೂ ನೋಡಿ ‘ನಮಗೂ ಹಾಗೇ ಮಾಡಿ’ ಎಂದು ಒಂದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೇಳುವುದು ಅನ್ಯಾಯ. ಅದಕ್ಕೇ ನನ್ನ ಚಿಂತೆಯೆಲ್ಲ ಸಾಧಾರಣ ವಿಶ್ವವಿದ್ಯಾಲಯದ ಕಡೆಗೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಅಲ್ಲಿ.

ಆದ್ದರಿಂದ ಲೆಕ್ಕ ಹಾಕೋಣ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ನಾಲ್ಕು ಗಂಟೆಯ ಒಂದು ಜಂಟಿ ಪತ್ರಿಕೆಯನ್ನು ಇಬ್ಬರಿಗೆ ಕೊಟ್ಟರೆ ಈಗಿನ ರೂಢಿಯಲ್ಲಿ ತಲಾ ಎರಡು ಗಂಟೆ ಎಂದು ಬರೆದುಕೊಳ್ಳುತ್ತಾರೆ. ಆಗ ಸೋಮವಾರ ರಸಾಯನಶಾಸ್ತ್ರದವರು ಬರುತ್ತಾರೆ, ಬುಧವಾರ ಅರ್ಥಶಾಸ್ತ್ರದವರು ಬರುತ್ತಾರೆ. ಒಬ್ಬರು ಏನು ಹೇಳಿದರೆಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಜೋಡಿಸುವ ಭಾರ ಹದಿನೆಂಟರ ವಿದ್ಯಾರ್ಥಿಯ ಹೆಗಲಿಗೆ ಬೀಳುತ್ತದೆ, ಅವಳ ಅಧ್ಯಾಪಕರೇ ಮಾಡದ ಕೆಲಸ ಅವಳಿಂದ ಆಗಬೇಕು. ಇಬ್ಬರಿಗೂ ತಲಾ ನಾಲ್ಕು ಗಂಟೆ ಎಂದು ಬರೆದರೆ ಮಾತ್ರ ಇಬ್ಬರೂ ಒಟ್ಟಿಗೆ ತರಗತಿಯಲ್ಲಿರುತ್ತಾರೆ. ಹಣಕಾಸು ವಿಭಾಗ ಹುಬ್ಬು ಗಂಟಿಕ್ಕುವುದು ಇಲ್ಲಿ.

ಖರ್ಚು ಎಷ್ಟು? ಮೂರು ವರ್ಷದ ಪದವಿಯಲ್ಲಿ ಯಾವುದೇ ಸೆಮಿಸ್ಟರ್‌ನಲ್ಲಿ ಮೂರು ತಂಡಗಳು ಇರುತ್ತವೆ. ಪ್ರತಿ ತಂಡಕ್ಕೂ ವಾರಕ್ಕೆ ನಾಲ್ಕು ಗಂಟೆಯ ಒಂದು ಜಂಟಿ ಪತ್ರಿಕೆ. ಎರಡನೆಯ ಅಧ್ಯಾಪಕರ ಹೆಚ್ಚುವರಿ ಗಂಟೆಗಳು ಒಟ್ಟು 12. ಆ ಪದವಿಗೆ ಪಾಠ ಮಾಡುವ ಎಂಟು ಜನ ವಾರಕ್ಕೊಂದು ಗಂಟೆ ಒಂದೇ ಮೇಜಿನ ಸುತ್ತ ಕೂತು ಪಾಠ ಹೊಂದಿಸಿಕೊಳ್ಳುವುದನ್ನೂ ವರ್ಕ್‌ಲೋಡಿಗೆ ಸೇರಿಸಿದರೆ ಇನ್ನೂ ಎಂಟು. ಹನ್ನೆರಡೂ ಎಂಟೂ 20. ಹದಿನಾರು ಗಂಟೆಗೆ ಒಂದು ಹುದ್ದೆ ಎಂದಾದರೆ, ಒಂದೂಕಾಲು ಹುದ್ದೆ. ಒಂದು ಪದವಿ ನಿಜವಾಗಿ ಅಂತರಶಿಸ್ತೀಯ ಆಗಲು ಬೇಕಾದ ಹೆಚ್ಚುವರಿ ಖರ್ಚು ಇಷ್ಟೇ. ಕಟ್ಟಡ ಬೇಡ, ಹೊಸ ಕೇಂದ್ರ ಬೇಡ, ಉದ್ಘಾಟನೆಯ ಕಲ್ಲು ಬೇಡ. ಇಷ್ಟು ಕೊಡಲಾಗದ ವಿಶ್ವವಿದ್ಯಾಲಯ ಆ ಹೆಸರಿನ ಪದವಿಯನ್ನು ಘೋಷಿಸಬಾರದು.

ಇದರಲ್ಲಿ ಮತ್ತೊಂದು ತೊಡಕಿದೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಹೊತ್ತು ನಡೆಸುತ್ತಿದ್ದಾರೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದವರಿಗೆ ಇನ್ನೊಬ್ಬರ ಜೊತೆ ಎರಡು ಮೂರು ವರ್ಷ ಕೂಡಿ ಒಂದು ಪತ್ರಿಕೆಯನ್ನು ಬೆಳೆಸಿ ಎಂದು ಹೇಳುವ ಹಕ್ಕು ನಮಗಿಲ್ಲ. ಜಂಟಿ ಪಾಠಕ್ಕೆ ಮೊದಲು ಬೇಕಾದದ್ದು ನಾಳೆಯೂ ಇರುವ ಮೇಷ್ಟ್ರು.

ಈಗ ಒಂದು ನಿಜವಾದ ಪದವಿಯನ್ನು ಮನಸ್ಸಿನಲ್ಲಿ ಕಟ್ಟಿ ನೋಡುತ್ತೇನೆ. ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳೋಣ. ಅದರ ಸುತ್ತ ಇರುವ ಪ್ರಶ್ನೆ ಯಾವುದು? ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ, ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಜಿಲ್ಲೆ. ಅಲ್ಲಿಗೆ 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡನೇ ಹಂತದವರೆಗೆ ಶುದ್ಧಗೊಂಡು ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಎಲ್ಲರ ಬಾಯಲ್ಲಿ ಕೆ.ಸಿ. ವ್ಯಾಲಿ, ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ್ದು. ಮೊದಲು ತುಂಬಿದ ಲಕ್ಷ್ಮೀಸಾಗರ ಕೆರೆಯಲ್ಲಿ ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಇವತ್ತಿಗೂ ಇದೆ. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡ ರೈತರ ಸಂತೋಷವೂ ಅಷ್ಟೇ ನಿಜ.

ಈ ನೀರು ಒಳ್ಳೆಯದೇ ಕೆಟ್ಟದ್ದೇ? ಯಾವ ಒಂದು ವಿಭಾಗವೂ ಉತ್ತರ ಕೊಡಲಾರದು. ನೈಟ್ರೇಟ್, ಫಾಸ್ಫೇಟ್, ಭಾರಲೋಹಗಳನ್ನು ಅಳೆಯಲು ರಸಾಯನಶಾಸ್ತ್ರ ಬೇಕು. ಕೆರೆಯ ಪಾಚಿ, ಮೀನು, ಹಕ್ಕಿಗೆ ಜೀವಶಾಸ್ತ್ರ. ನೀರು ಕಲ್ಲಿನ ಬಿರುಕುಗಳಲ್ಲಿ ಎಷ್ಟು ಆಳಕ್ಕೆ, ಎಷ್ಟು ದೂರಕ್ಕೆ ಹೋಗುತ್ತದೆಂಬುದಕ್ಕೆ ಭೂವಿಜ್ಞಾನ. ಅಂತರ್ಜಲ ಮರುಪೂರಣಕ್ಕೆಂದು ಬಿಟ್ಟ ನೀರಿನ ಲಾಭ ಆಳದ ಕೊಳವೆಬಾವಿ ಕೊರೆಸಬಲ್ಲವನಿಗೆ ಹೆಚ್ಚೋ, ಅಚ್ಚುಕಟ್ಟಿನ ಸಣ್ಣ ಹಿಡುವಳಿದಾರನಿಗೆ ಹೆಚ್ಚೋ, ಟೊಮೆಟೊ ಮಂಡಿಯ ಬೆಲೆಗೂ ಇದಕ್ಕೂ ಏನು ನಂಟು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಕೆರೆ ಯಾರದ್ದು, ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಎಂಬುದು ರಾಜ್ಯಶಾಸ್ತ್ರ. ಇತಿಹಾಸ ಮತ್ತು ಕನ್ನಡ ವಿಭಾಗಗಳ ಕೆಲಸವಂತೂ ಇಲ್ಲಿ ರಾಶಿ ಬಿದ್ದಿದೆ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರದ ಶಾಸನಗಳದ್ದು. ನಮ್ಮ ಶಾಸನಗಳು ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಹೇಳುವುದೆಲ್ಲ ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಬಿಟ್ಟ ಭೂಮಿಯ, ಆದಾಯದ ಲೆಕ್ಕ. ತೂಬು ತೆಗೆದು ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಗಳ ಮನೆಗಳು ಅಲ್ಲಿನ ಹಳ್ಳಿಗಳಲ್ಲಿ ಇನ್ನೂ ಇವೆ.

ಪ್ರಶ್ನೆ ಸಿಕ್ಕಿತು ಎಂದಮೇಲೆ ಪದವಿಯ ಆಕಾರ ತಾನಾಗಿ ಮೂಡುತ್ತದೆ. ವಿದ್ಯಾರ್ಥಿಯ ಅರ್ಧದಷ್ಟು ಕ್ರೆಡಿಟ್ಟುಗಳು ಒಂದೇ ಬೇರಿನ ವಿಷಯದಲ್ಲಿರಬೇಕು: ರಸಾಯನಶಾಸ್ತ್ರವೋ, ಭೂಗೋಳವೋ, ಅರ್ಥಶಾಸ್ತ್ರವೋ, ಇತಿಹಾಸವೋ ಅವಳೇ ಆರಿಸಿಕೊಳ್ಳಲಿ. ಇದರಲ್ಲಿ ನಾನು ರಾಜಿಯಾಗಲಾರೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಳಿದು ಯಾವುದನ್ನೂ ಆಳವಾಗಿ ತಿಳಿಯದ ಪದವೀಧರೆಗೆ ಜೋಡಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಉಳಿದರ್ಧದಲ್ಲಿ ಪ್ರತಿ ಸೆಮಿಸ್ಟರಿಗೊಂದು ಜಂಟಿ ಪತ್ರಿಕೆ, ಅದಕ್ಕೆ ಬೇಕಾದ ಸಂಖ್ಯಾಶಾಸ್ತ್ರ, ಭಾಷೆ.

ಮೊದಲ ಸೆಮಿಸ್ಟರಿನ ಜಂಟಿ ಪತ್ರಿಕೆ ಒಂದೇ ಒಂದು ಕೆರೆಯ ಬಗ್ಗೆ. ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಕೆರೆ. ಏರಿಯ ಉದ್ದ, ಕೋಡಿಯ ಎತ್ತರ, ಒತ್ತುವರಿಯಾದ ರಾಜಕಾಲುವೆ ಇವನ್ನು ಅಳೆಯುವುದು ಭೂಗೋಳದವರ ಜೊತೆ. ಆ ಊರಿನ ಶಾಸನ, ಕಂದಾಯ ದಾಖಲೆ ಓದುವುದು ಇತಿಹಾಸದವರ ಜೊತೆ. ಇಬ್ಬರೂ ಅಲ್ಲಿಯೇ, ಅದೇ ದಿನ. ಸಂಖ್ಯಾಶಾಸ್ತ್ರವನ್ನು ಕಾಲ್ಪನಿಕ ಅಂಕಿಗಳಿಂದ ಕಲಿಸಬೇಕಾಗಿಲ್ಲ, ಅಂತರ್ಜಲ ನಿರ್ದೇಶನಾಲಯ ಅಳೆದಿಟ್ಟ ಬಾವಿಗಳ ಮಟ್ಟವೇ ಇದೆ. ಸರಾಸರಿ ಏಕೆ ಮೋಸ ಮಾಡುತ್ತದೆ ಎಂಬುದು ಒಂದೇ ತಾಲ್ಲೂಕಿನ ಎರಡು ಬಾವಿಗಳನ್ನು ಪಕ್ಕಪಕ್ಕ ಇಟ್ಟಾಗ ಪಠ್ಯಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ. ಕನ್ನಡ ಪತ್ರಿಕೆಯೂ ಇದರಿಂದ ಹೊರಗೆ ನಿಲ್ಲಬಾರದು. ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಗಳು ಆ ಕೆರೆಯ ವರದಿಯನ್ನು ಗ್ರಾಮ ಪಂಚಾಯಿತಿಯ ಸದಸ್ಯರು ಓದಿ ಅರ್ಥಮಾಡಿಕೊಳ್ಳುವಂಥ ಕನ್ನಡದಲ್ಲಿ ಬರೆದು, ಅವರ ಮುಂದೆಯೇ ಓದಲಿ. ವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆಯುವುದನ್ನು ನಮ್ಮ ಪದವಿ ತರಗತಿಗಳು ಕಲಿಸುತ್ತಿಲ್ಲ. ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಮುಂದಿನ ಸೆಮಿಸ್ಟರ್‌ಗಳು ನೀರಿನ ಹಣ, ನೀರಿನ ಕಾನೂನು, ನೀರು ಮತ್ತು ಆರೋಗ್ಯ ಎಂದು ಬೆಳೆಯಬಹುದು. ಕೊನೆಯ ವರ್ಷದಲ್ಲಿ ಒಂದಷ್ಟು ತಿಂಗಳು ಇಲಾಖೆಯಲ್ಲೋ ಪಂಚಾಯಿತಿಯಲ್ಲೋ ಕೆಲಸ.

ಕೋಲಾರದ ಪದವಿಯನ್ನು ಹಾಗೆಯೇ ಎತ್ತಿ ಕಾರವಾರಕ್ಕೆ ಇಡಲಾಗದು, ಇಡಬಾರದು. ಅಲ್ಲಿ ಪ್ರಶ್ನೆ ಕಡಲಿನದು. ರಾಯಚೂರಿನಲ್ಲಿ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತನದು. ಒಂದೇ ವಿಶ್ವವಿದ್ಯಾಲಯದೊಳಗೂ ಇದೇ ಸಮಸ್ಯೆ. ಹತ್ತಾರು ಸಂಯೋಜಿತ ಕಾಲೇಜುಗಳಿಗೆ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆ ಹೋಗುವ ಪದ್ಧತಿಯಲ್ಲಿ, ಉತ್ತರಪತ್ರಿಕೆಗೆ ಕೋಡ್ ನಂಬರ್ ಹಾಕಿ ಇನ್ನೆಲ್ಲೋ ಮೌಲ್ಯಮಾಪನ ಮಾಡುವವರಿಗೆ ನಿಮ್ಮ ಊರಿನ ಕೆರೆ ಗೊತ್ತಿರುವುದಿಲ್ಲ. ಅದಕ್ಕೊಂದು ದಾರಿ ಇದೆ: ಪ್ರಶ್ನೆಗಳ ಚೌಕಟ್ಟು ಎಲ್ಲರಿಗೂ ಒಂದೇ ಇರಲಿ, ಕೆರೆಯನ್ನು ಕಾಲೇಜು ಆರಿಸಿಕೊಳ್ಳಲಿ, ವರದಿಯನ್ನು ಪಾಠ ಮಾಡಿದ ಇಬ್ಬರೂ ಪಕ್ಕದ ಕಾಲೇಜಿನ ಒಬ್ಬರೂ ಸೇರಿ ವೈವಾ ನಡೆಸಿ ಅಳೆಯಲಿ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗಳಿಗೆ ಹೊರಗಿನ ಪರೀಕ್ಷಕರು ಬರುವ ರೂಢಿ ಈಗಾಗಲೇ ಇದೆ, ಹೊಸದೇನೂ ಕಂಡುಹಿಡಿಯಬೇಕಿಲ್ಲ.

ಹೊಸದಾಗಿ ಬೇಕಾದದ್ದು ಒಂದು ಅಧ್ಯಯನ ಮಂಡಳಿ. ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯ ಚೌಕಟ್ಟಿನಲ್ಲಿ ನಮ್ಮ ಬಿಒಎಸ್‌ಗಳು ವಿಷಯಕ್ಕೊಂದರಂತೆ ನಡೆದುಬಂದಿವೆ. ಜಂಟಿ ಪತ್ರಿಕೆ ಯಾರ ಮಂಡಳಿಗೆ ಹೋಗಬೇಕು? ರಸಾಯನಶಾಸ್ತ್ರದ ಮಂಡಳಿ ‘ಇದರಲ್ಲಿ ರಸಾಯನ ಕಡಿಮೆ’ ಎನ್ನುತ್ತದೆ, ಇತಿಹಾಸದ ಮಂಡಳಿ ‘ಇತಿಹಾಸ ಕಡಿಮೆ’ ಎನ್ನುತ್ತದೆ. ಇಬ್ಬರ ಮಾತೂ ಸರಿ, ಪತ್ರಿಕೆ ಮಾತ್ರ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ಈ ಪದವಿಗೇ ಒಂದು ಮಂಡಳಿ, ಪಠ್ಯವನ್ನು ನೇರವಾಗಿ ವಿದ್ಯಾವಿಷಯಕ ಪರಿಷತ್ತಿಗೆ ಒಯ್ಯುವ ಅಧಿಕಾರ, ಅದರಲ್ಲಿ ವಿಶ್ವವಿದ್ಯಾಲಯದ ಹೊರಗಿನ ಒಬ್ಬ ನೀರಾವರಿ ಎಂಜಿನಿಯರ್, ಒಬ್ಬ ರೈತ. ಅಷ್ಟು ಆಗಬೇಕು.

ನೇಮಕಾತಿಯಲ್ಲೂ ಇದೇ ತೊಡಕು. ಅಧ್ಯಾಪಕರ ಹುದ್ದೆಗೆ ‘ಸಂಬಂಧಿಸಿದ’ ವಿಷಯದ ಸ್ನಾತಕೋತ್ತರ ಪದವಿ ಇರಬೇಕು ಎಂದು ಯುಜಿಸಿಯ 2018ರ ನಿಯಮ ಹೇಳುತ್ತದೆ. ಸಂಗತವಾದ, ಹತ್ತಿರದ ವಿಷಯವಾದರೂ ಸರಿ ಎಂಬ ಅವಕಾಶ ಅದರಲ್ಲೇ ಇದೆ. ಅಧಿಸೂಚನೆ ಬರೆಯುವವರು ಆ ಅವಕಾಶವನ್ನು ಬಳಸುವ ಧೈರ್ಯ ಮಾಡಬೇಕಷ್ಟೆ. 2025ರ ಜನವರಿಯ ಕರಡು ನಿಯಮಗಳು ಈ ಬಾಗಿಲನ್ನು ಇನ್ನಷ್ಟು ತೆರೆಯುವ ಮಾತಾಡಿದವು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಪದವಿ ಮುಗಿಸಿದ ಹುಡುಗಿಯ ಮುಂದಿನ ವರ್ಷ. ಊರಿನಲ್ಲಿ ಮೊದಲ ಪದವೀಧರೆ ಆಗಿರಬಹುದಾದ ಅವಳು ಎಂ.ಎ.ಗೋ ಎಂ.ಎಸ್ಸಿ.ಗೋ ಅರ್ಜಿ ಹಾಕಿದಾಗ ಕೌಂಟರಿನಲ್ಲಿ ಕೇಳುವುದು ‘ಪದವಿಯಲ್ಲಿ ಈ ವಿಷಯ ಐಚ್ಛಿಕವಾಗಿ ಓದಿದ್ದೀರಾ?’ ಎಂದು. ಬಿ.ಎಡ್. ಮುಗಿಸಿ ಪ್ರೌಢಶಾಲಾ ಶಿಕ್ಷಕಿಯ ಹುದ್ದೆಗೆ ಹೋದರೆ ಅಲ್ಲಿಯೂ ಪಿಸಿಎಂ, ಸಿಬಿಝಡ್ ಎಂಬ ಕಾಂಬಿನೇಷನ್‌ಗಳದ್ದೇ ಲೆಕ್ಕ. ಹೊಸ ಹೆಸರಿನ ಅಂಕಪಟ್ಟಿ ಹಿಡಿದು ತತ್ಸಮಾನ ಪ್ರಮಾಣಪತ್ರಕ್ಕಾಗಿ ಅವಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿಯುವಂತಾದರೆ, ಆ ಪದವಿ ಅವಳಿಗೆ ಮಾಡಿದ ದ್ರೋಹ ಅದು. ಅರ್ಧ ಕ್ರೆಡಿಟ್ಟು ಒಂದೇ ವಿಷಯದಲ್ಲಿರಲಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅಂಕಪಟ್ಟಿಯಲ್ಲಿ ಆ ವಿಷಯದ ಹೆಸರು ಆರೂ ಸೆಮಿಸ್ಟರ್‌ಗಳಲ್ಲಿ ಸ್ಪಷ್ಟವಾಗಿ ಕಾಣಬೇಕು. ಉನ್ನತ ಶಿಕ್ಷಣ ಇಲಾಖೆ, ಶಾಲಾ ಶಿಕ್ಷಣ ಇಲಾಖೆ, ಕೆಪಿಎಸ್‌ಸಿ ಮೂರೂ ಆ ಪದವಿಯನ್ನು ಯಾವುದಕ್ಕೆ ಸಮಾನವೆಂದು ಒಪ್ಪುತ್ತವೆ ಎಂಬ ಲಿಖಿತ ಆದೇಶ ಮೊದಲ ತಂಡದ ಪ್ರವೇಶ ಪ್ರಕಟಣೆಗಿಂತ ಮುಂಚೆ ಹೊರಡಬೇಕು, ಅದರ ಪ್ರತಿಯನ್ನು ಪ್ರಾಸ್ಪೆಕ್ಟಸ್ಸಿನ ಮೊದಲ ಪುಟದಲ್ಲಿ ಅಚ್ಚು ಹಾಕಬೇಕು.